ಹಲ್ಲುಪುಡಿ ಡಬ್ಬಿಗೆ ಯಾವ ಕಪಾಟು?

ಹಲ್ಲಿನ ವೈದ್ಯದ ಚರಿತ್ರೆಗೇ ಮೀಸಲಾದ ಮ್ಯೂಸಿಯಂ ಎಂದರೆ ಆಫೀಸಿನಲ್ಲಿ ಎಲ್ಲರೂ ನಗುತ್ತಾರೆ. ಆದರೆ ಅಂಥವು ಇವೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ 1840ರಲ್ಲಿ ಜಗತ್ತಿನ ಮೊದಲ ದಂತವೈದ್ಯ ಕಾಲೇಜು ಶುರುವಾಯಿತು. ಅದೇ ಊರಿನಲ್ಲಿ 1996ರಲ್ಲಿ ಹಲ್ಲಿನ ಮ್ಯೂಸಿಯಂ ಬಾಗಿಲು ತೆರೆಯಿತು. ಜಾರ್ಜ್ ವಾಷಿಂಗ್ಟನ್‌ರ ಹಲ್ಲುಸೆಟ್ಟು ಅಲ್ಲಿದೆ. ಅದು ಮರದ್ದೆಂಬುದು ಕಟ್ಟುಕಥೆ. ಅವರ ಸೆಟ್ಟುಗಳಲ್ಲಿ ನೀರಾನೆಯ ದಂತವಿತ್ತು, ಮನುಷ್ಯರ ಹಲ್ಲುಗಳೂ ಇದ್ದವು. 1784ರ ಅವರ ಲೆಕ್ಕದ ಪುಸ್ತಕದಲ್ಲಿ ಕರಿಯರಿಂದ 9 ಹಲ್ಲು ಕೊಂಡ ಬಾಬ್ತು 6 ಪೌಂಡ್ 2 ಷಿಲಿಂಗ್ ಖರ್ಚು ಬರೆದಿದೆ. ಮಾರಿದವರ ಹೆಸರು ಮಾತ್ರ ಬರೆದಿಲ್ಲ. ಗಾಜಿನ ಪೆಟ್ಟಿಗೆಯ ಮುಂದೆ ನಿಂತವರಿಗೆ ಈ ಸಾಲನ್ನೂ ಹೇಳದಿದ್ದರೆ ಮ್ಯೂಸಿಯಂ ಯಾತಕ್ಕೆ?

ಲಂಡನ್ನಿನ ಕಥೆ ಬೇರೆ. 1890ರ ದಶಕದಲ್ಲಿ ಅಲ್ಲಿ ಹೆಣ್ಣೆಂಬ ಕಾರಣಕ್ಕೆ ಸೀಟು ಸಿಗದ ಲಿಲಿಯನ್ ಲಿಂಡ್ಸೆ, ಎಡಿನ್‌ಬರೋಗೆ ಹೋಗಿ ಓದಿ, 1895ರಲ್ಲಿ ಬ್ರಿಟನ್ನಿನ ಮೊದಲ ಪದವೀಧರ ದಂತವೈದ್ಯೆಯಾದರು. 1919ರಲ್ಲಿ ಅವರು ಕೊಟ್ಟ ಕೆಲವು ಹಳೆಯ ಸಲಕರಣೆಗಳಿಂದಲೇ ಬ್ರಿಟಿಷ್ ಡೆಂಟಲ್ ಅಸೋಸಿಯೇಷನ್ನಿನ ಮ್ಯೂಸಿಯಂ ಬೆಳೆಯಿತು.

ನಮ್ಮಲ್ಲಿಯೂ ಸರಕಿಗೇನು ಕೊರತೆ? ಈಗ ಪಾಕಿಸ್ತಾನದಲ್ಲಿರುವ ಮೆಹರ್‌ಗಢದಲ್ಲಿ ಏಳೆಂಟು ಸಾವಿರ ವರ್ಷಗಳಿಗೂ ಹಿಂದೆ ಕಲ್ಲುಮೊನೆಯಿಂದ ಕೊರೆದ 11 ದವಡೆಹಲ್ಲುಗಳು ಸಿಕ್ಕಿವೆ. ಅಯೋವಾದಲ್ಲಿ ಓದಿ ಬಂದ ಡಾ. ರಫೀಉದ್ದೀನ್ ಅಹ್ಮದ್ 1920ರಲ್ಲಿ ಕಲ್ಕತ್ತಾದಲ್ಲಿ ದೇಶದ ಮೊದಲ ಡೆಂಟಲ್ ಕಾಲೇಜು ತೆರೆದರು. ಅದಕ್ಕೆ ಹಣ ಹುಟ್ಟಿಸಿದ್ದು ನ್ಯೂಯಾರ್ಕ್ ಸೋಡಾ ಫೌಂಟನ್ ಎಂಬ ತಂಪು ಪಾನೀಯದ ಅಂಗಡಿಯಿಂದ! ಸಿಹಿ ಕುಡಿಸಿ ಹಲ್ಲು ಉಳಿಸುವ ವಿದ್ಯೆ ಕಲಿಸಿದರು. 1949ರಲ್ಲಿ ಕಾಲೇಜನ್ನು ಸರ್ಕಾರಕ್ಕೇ ಕೊಟ್ಟುಬಿಟ್ಟರು.

ಇದೆಲ್ಲ ನನ್ನ ತಲೆಗೆ ಹೊಕ್ಕಿದ್ದು ದೌಂಡದಲ್ಲಿ. 1878ರಲ್ಲಿ ಮನ್ಮಾಡ್ ಹಳಿ ಬಂದು ಸೇರಿದಾಗಿನಿಂದ ಇದು ಜಂಕ್ಷನ್. ಸೊಲ್ಲಾಪುರ, ಕಲಬುರ್ಗಿ ಕಡೆಯ ರೈಲುಗಳೆಲ್ಲ ಹೀಗೇ ಹಾದುಹೋಗಬೇಕು, ಪ್ಲಾಟ್‌ಫಾರ್ಮಿನಲ್ಲಿ ಕನ್ನಡ ಕಿವಿಗೆ ಬೀಳುತ್ತಲೇ ಇರುತ್ತದೆ. ಇಲ್ಲಿ ಕ್ಲಿನಿಕ್ ಮುಚ್ಚುತ್ತಿದ್ದ ವಯಸ್ಸಾದ ಡಾಕ್ಟರರೊಬ್ಬರು ಕಾಲಲ್ಲಿ ತುಳಿಯುವ ಡ್ರಿಲ್ಲನ್ನು ಭಂಗಾರದವನಿಗೆ ತೂಕಕ್ಕೆ ಹಾಕುವವರಿದ್ದರು. ಹೊಲಿಗೆ ಮೆಷಿನ್ನಿನ ತಮ್ಮನಂತಿದೆ. 1871ರಲ್ಲಿ ಜೇಮ್ಸ್ ಮಾರಿಸನ್ ಪೇಟೆಂಟ್ ಪಡೆದ ಜಾತಿಯದು, ಕರೆಂಟಿಲ್ಲದ ಊರುಗಳಲ್ಲಿ ಹಲ್ಲು ಕೊರೆದದ್ದು. ನಾನು ಕೇಳಿ ಇಸಕೊಂಡೆ. "ಘ್ಯಾ, ಸಾಹೇಬ್" ಎಂದು ಇಕ್ಕಳಗಳನ್ನೂ ಕಟ್ಟಿಕೊಟ್ಟರು.

ತಂದ ಮೇಲೆ ಗೊತ್ತಾಯಿತು, ಸಂಗ್ರಹಿಸುವುದು ಸುಲಭ, ನಡೆಸುವುದು ಕಷ್ಟ. ವಲ್ಕನೈಟ್ ಎಂಬ ಗಟ್ಟಿ ರಬ್ಬರಿನ ಹಳೇ ಸೆಟ್ಟುಗಳಿಗೆ ಬೆಳಕು ಆಗದು, ಬಣ್ಣ ಕೆಡುತ್ತದೆ, ಗಂಧಕ ಬಿಡುತ್ತವೆ. ಬೆಳ್ಳಿ ಸಿಮೆಂಟಿಗೆ ಕಲೆಸುತ್ತಿದ್ದ ಪಾದರಸದ ಶೀಶೆಯನ್ನು ಮಕ್ಕಳಿರುವ ಮನೆಯಲ್ಲಿ ಇಡುವಂತಿಲ್ಲ. ಯಾರು ಕೊಟ್ಟರು, ಯಾವ ಊರಲ್ಲಿ ಬಳಸಿದರು ಎಂದು ಬರೆದಿಡದಿದ್ದರೆ ಇಕ್ಕಳ ಬರೀ ಇಕ್ಕಳವೇ. ಪ್ರಾಜೆಕ್ಟ್ ಮ್ಯಾನೇಜರನ ಎಕ್ಸೆಲ್ ಶೀಟು ಕಡೆಗೂ ಒಂದು ಒಳ್ಳೆ ಕೆಲಸಕ್ಕೆ ಬಂತು.

ಪುಣೆಯ ದಿನಕರ ಕೇಳ್ಕರರು ಕನ್ನಡಕದ ವ್ಯಾಪಾರಿ. ಸತ್ತ ಮಗ ರಾಜನ ನೆನಪಿಗೆ ದೀಪ, ಅಡಕತ್ತರಿ, ಕಾಲುಜ್ಜುವ ವಜ್ರಿಗಳನ್ನು ದಶಕಗಟ್ಟಲೆ ಕೂಡಿಹಾಕಿ 1962ರಲ್ಲಿ ಸರ್ಕಾರಕ್ಕೆ ಒಪ್ಪಿಸಿದರು. ಬಡವರ ಮನೆಯ ಸಾಮಾನೂ ಚರಿತ್ರೆಯೇ ಎಂದು ನನಗೆ ಮನದಟ್ಟಾದದ್ದು ಅಲ್ಲಿ. ಹಾಗಾಗಿ ನನ್ನ ಪಟ್ಟಿಯಲ್ಲಿ ಡಾಕ್ಟರರ ಸಾಮಾನಿಗಿಂತ ಮೇಲೆ ಬೇವಿನಕಡ್ಡಿ, ಇದ್ದಿಲು, ನಂಜನಗೂಡು ಹಲ್ಲುಪುಡಿ. 1913ರಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆ ಕಟ್ಟಿದ್ದು ನಂಜನಗೂಡಿನಲ್ಲೇ. ಹಳೇ ಮೈಸೂರಿನ ಎಷ್ಟೋ ಮಂದಿ ಡೆಂಟಿಸ್ಟರ ಕುರ್ಚಿ ಕಾಣುವ ಮೊದಲು ಆ ಗುಲಾಬಿ ಪುಡಿಯನ್ನು ಅಂಗೈಗೆ ಸುರಿದುಕೊಂಡವರು. ಡ್ರಿಲ್ಲಾದರೂ ಉಳಿದೀತು, ಖಾಲಿ ಪೊಟ್ಟಣವನ್ನು ಯಾರು ಎತ್ತಿಟ್ಟಾರು?

ಊರಿಗೆ ಹೋದಾಗ ಬಚ್ಚಲ ಗೂಡು, ಅಟ್ಟ ಒಮ್ಮೆ ನೋಡಿ. ಹಳೇ ಪೊಟ್ಟಣ ಸಿಕ್ಕರೆ ತೊಳೆಯಬೇಡಿ, ಯಾರ ಮನೆಯದು, ಯಾವ ಇಸವಿಯದು ಎಂಬ ಚೀಟಿಯೊಂದಿಗೆ ಹಾಗೇ ಕಟ್ಟಿಡಿ.