ಕಂಕುಳಲ್ಲೇ ಇರುವ ಕೂಸು

ಉಬುಂಟು ಎಂಬ ಕಾರ್ಯಾಚರಣ ವ್ಯವಸ್ಥೆಯ ಹೊಸ ಆವೃತ್ತಿ 2024ರ ಏಪ್ರಿಲ್‌ನಲ್ಲಿ ಹೊರಬಂತು. 2022ರ ಆವೃತ್ತಿಯನ್ನು ಬಿಟ್ಟು ಇದಕ್ಕೆ ಬಂದವರ ಕಂಪ್ಯೂಟರುಗಳಲ್ಲಿ ಒಂದು ವಿಚಿತ್ರ ಕಾಣಿಸಿತು. ಹಿಂದಿನ ದಿನದವರೆಗೆ ಸುಸೂತ್ರವಾಗಿ ನಡೆಯುತ್ತಿದ್ದ ಪೈಥಾನ್ ಭಾಷೆಯ ಎಷ್ಟೋ ಪ್ರೋಗ್ರಾಮುಗಳು ‘ಈ ಹೆಸರಿನ ಮಾಡ್ಯೂಲ್ ಇಲ್ಲ’ ಎಂದು ಒಂದು ಸಾಲು ತೋರಿಸಿ ನಿಂತುಬಿಟ್ಟವು. ಯಾರೂ ಏನನ್ನೂ ಅಳಿಸಿರಲಿಲ್ಲ. ಹಾಗಾದರೆ ಮಾಡ್ಯೂಲ್ ಹೋದದ್ದೆಲ್ಲಿಗೆ?

ಹಲವು ಪ್ರೋಗ್ರಾಮುಗಳಿಗೆ ಬೇಕಾಗುವ ಕೆಲಸವೊಂದನ್ನು ಒಮ್ಮೆ ಬರೆದು ಪ್ರತ್ಯೇಕವಾಗಿ ಇಟ್ಟ ತುಣುಕೇ ಮಾಡ್ಯೂಲ್. ಈ ಉಪಾಯ ಕಂಪ್ಯೂಟರಿನಷ್ಟೇ ಹಳೆಯದು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಎಡ್ಸ್ಯಾಕ್ ಎಂಬ ಯಂತ್ರ 1949ರ ಮೇ 6ರಂದು ಮೊದಲ ಲೆಕ್ಕ ಮಾಡಿತು. ಪ್ರತಿಯೊಬ್ಬರೂ ವರ್ಗಮೂಲವನ್ನೋ ಸೈನನ್ನೋ ಲೆಕ್ಕ ಹಾಕುವ ಕ್ರಮವನ್ನು ಹೊಸದಾಗಿ ಬರೆಯುವುದು ವ್ಯರ್ಥವೆಂದು ಮಾರಿಸ್ ವಿಲ್ಕ್ಸ್, ಡೇವಿಡ್ ವೀಲರ್ ಮತ್ತು ಸ್ಟ್ಯಾನ್ಲಿ ಗಿಲ್ ಬೇಗನೆ ಕಂಡುಕೊಂಡರು. ಅಂಥ ತುಣುಕುಗಳನ್ನು ರಂಧ್ರ ಕೊರೆದ ಕಾಗದದ ಪಟ್ಟಿಗಳ ಮೇಲೆ ಸಿದ್ಧಪಡಿಸಿ ಒಂದು ಗ್ರಂಥಾಲಯದಂತೆ ಜೋಡಿಸಿಟ್ಟರು. 1951ರ ಹೊತ್ತಿಗೆ ಅಲ್ಲಿ 87 ತುಣುಕುಗಳಿದ್ದವು.

ಈ ಗ್ರಂಥಾಲಯದ ಪದ್ಧತಿಯಲ್ಲಿ ಒಂದು ವಿಶೇಷವಿತ್ತು. ಬೇಕಾದವರು ಪಟ್ಟಿಯ ನಕಲನ್ನು ತಮ್ಮ ಪ್ರೋಗ್ರಾಮಿನ ಪಟ್ಟಿಯಲ್ಲೇ ಸೇರಿಸಿಕೊಳ್ಳುತ್ತಿದ್ದರು. ಬುತ್ತಿ ಕಟ್ಟಿಕೊಂಡು ಹೊರಟವನಿಗೆ ದಾರಿಯಲ್ಲಿ ಹೋಟೆಲು ಮುಚ್ಚಿದ್ದರೂ ಚಿಂತೆಯಿಲ್ಲವಲ್ಲ, ಹಾಗೆ.

ಆದರೆ ಎಲ್ಲರೂ ನಕಲು ಹೊತ್ತು ತಿರುಗಿದರೆ ಯಂತ್ರದ ಜಾಗ ಸಾಲದು. ನಕಲುಗಳಲ್ಲಿ ತಪ್ಪು ಕಂಡರೆ ಪ್ರತಿಯೊಂದನ್ನೂ ತಿದ್ದಬೇಕು. ಆದ್ದರಿಂದ ಮುಂದೆ ಒಂದೇ ಪ್ರತಿಯನ್ನು ಎಲ್ಲ ಪ್ರೋಗ್ರಾಮುಗಳೂ ಹಂಚಿಕೊಳ್ಳುವ ಪದ್ಧತಿ ಬಲಗೊಂಡಿತು. ವಿಂಡೋಸ್‌ನಲ್ಲಿ ಇಂಥ ಕಡತಗಳಿಗೆ ಡಿಎಲ್‌ಎಲ್ ಎಂದು ಹೆಸರು. 1990ರ ದಶಕದಲ್ಲಿ ಹೊಸ ತಂತ್ರಾಂಶವೊಂದನ್ನು ಹಾಕಿದರೆ ಅದು ತನಗೆ ಬೇಕಾದ ಡಿಎಲ್‌ಎಲ್ ಅನ್ನು ಇದ್ದುದರ ಮೇಲೆಯೇ ಬರೆದುಬಿಡುವುದು ಸಾಮಾನ್ಯವಾಗಿತ್ತು. ಅದನ್ನೇ ನಂಬಿದ್ದ ಬೇರೊಂದು ತಂತ್ರಾಂಶ ಆಗ ಕೆಟ್ಟು ಕೂರುತ್ತಿತ್ತು. ಈ ಪಾಡಿಗೆ ‘ಡಿಎಲ್‌ಎಲ್ ನರಕ’ ಎಂದೇ ಹೆಸರಾಯಿತು.

ನರಕಕ್ಕೆ ಪರಿಹಾರವೂ ಉಂಟು: ಒಂದೊಂದು ಆವೃತ್ತಿಯ ಮಾಡ್ಯೂಲ್‌ಗಳಿಗೆ ಒಂದೊಂದು ಪ್ರತ್ಯೇಕ ಮನೆ. ಪರ್ಲ್ ಮತ್ತು ಪೈಥಾನ್ ಭಾಷೆಗಳಲ್ಲಿ ಮಾಡ್ಯೂಲ್‌ಗಳು ಸಾಮಾನ್ಯವಾಗಿ ಆವೃತ್ತಿಯ ಸಂಖ್ಯೆ ಹೊತ್ತ ಫೋಲ್ಡರಿನಲ್ಲಿ ಇರುತ್ತವೆ. ಹಳೆಯದೂ ಹೊಸದೂ ಬೆರೆಯುವುದಿಲ್ಲ. ಆದರೆ ಒಂದು ತೊಂದರೆಗೆ ಕಂಡುಕೊಂಡ ಈ ಮದ್ದೇ ಇನ್ನೊಂದು ತೊಂದರೆಗೆ ಬೀಜವಾಯಿತು.

ಉಬುಂಟುವಿನ 2022ರ ಆವೃತ್ತಿಯಲ್ಲಿದ್ದುದು ಪೈಥಾನ್ 3.10, 2024ರಲ್ಲಿ ಬಂದದ್ದು 3.12. ಬಳಕೆದಾರ ತಾನಾಗಿ ತಂದು ಹಾಕಿಕೊಂಡ ಮಾಡ್ಯೂಲ್‌ಗಳು 3.10ರ ಫೋಲ್ಡರಿನಲ್ಲೇ ಭದ್ರವಾಗಿ ಉಳಿದವು. ಹೊಸ ಪೈಥಾನ್ 3.12ರ ಫೋಲ್ಡರಿನಲ್ಲಿ ಮಾತ್ರ ಹುಡುಕಿ ‘ಇಲ್ಲ’ ಎಂದಿತು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಗಾದೆಯ ಹಾಗೆಯೇ ಇದು. ಹಳೆಯ ಫೋಲ್ಡರಿನಿಂದ ಕಡತಗಳನ್ನು ನಕಲು ಮಾಡುವುದು ಸುಲಭವೆನಿಸಬಹುದು. ಆದರೆ ಕೆಲವು ಮಾಡ್ಯೂಲ್‌ಗಳಲ್ಲಿ ಹಳೆಯ ಆವೃತ್ತಿಗೆಂದೇ ಯಂತ್ರಭಾಷೆಗೆ ಇಳಿಸಿದ ಭಾಗಗಳಿರುತ್ತವೆ. ಅವು ಹೊಸದರೊಡನೆ ಹೊಂದುವುದಿಲ್ಲ. ಅವನ್ನು ಹೊಸದಾಗಿಯೇ ಹಾಕಿಕೊಳ್ಳಬೇಕು.

ಇನ್ನು ಕೆಲವು ನಿಜವಾಗಿಯೇ ಇಲ್ಲವಾದವು. ಡಿಸ್ಟ್‌ಯುಟಿಲ್ಸ್ ಎಂಬ ಮಾಡ್ಯೂಲ್ 2000ದಿಂದ ಪೈಥಾನ್ ಜೊತೆಯಲ್ಲೇ ಬರುತ್ತಿತ್ತು. ಅದನ್ನು ಕೈಬಿಡುವುದಾಗಿ 2021ರಲ್ಲಿ 3.10 ಬಂದಾಗಲೇ ಎಚ್ಚರಿಕೆ ಕೊಡಲಾಗಿತ್ತು. 2023ರ ಅಕ್ಟೋಬರಿನಲ್ಲಿ 3.12 ಬಂದಾಗ ತೆಗೆದುಹಾಕಲಾಯಿತು. ಎಚ್ಚರಿಕೆಯನ್ನು ಗಮನಿಸದವರು ಪೇಚಿಗೆ ಸಿಕ್ಕರು. ಇದಕ್ಕೂ ದಾರಿಯಿದೆ: ಸೆಟಪ್‌ಟೂಲ್ಸ್ ಎಂಬ ಬೇರೊಂದು ಕಟ್ಟಿನಲ್ಲಿ ಅದರ ಪ್ರತಿ ಸಿಗುತ್ತದೆ.

ಹೀಗಾಗಿ ‘ಇಲ್ಲ’ ಎಂಬ ಒಂದೇ ಮಾತಿಗೆ ಮೂರು ಅರ್ಥ. ಬೇರೆಡೆ ಇದೆ, ಇದ್ದರೂ ಹೊಂದದು, ನಿಜಕ್ಕೂ ತೆಗೆದಿದ್ದಾರೆ. ಯಾವುದೆಂದು ತಿಳಿಯಲು ಮೊದಲು ನೋಡಬೇಕಾದದ್ದು ಎರಡು: ಈಗ ನಡೆಯುತ್ತಿರುವುದು ಯಾವ ಆವೃತ್ತಿ, ಅದು ಎಲ್ಲೆಲ್ಲಿ ಹುಡುಕುತ್ತಿದೆ. ಎರಡನ್ನೂ ಪೈಥಾನನ್ನೇ ಕೇಳಬಹುದು, ಅದು ಹೇಳುತ್ತದೆ.

ಕನ್ನಡಿಗರಿಗೆ ಇಂಥ ಅನುಭವ ಹೊಸತಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಕಡತವನ್ನು, ಆ ಅಕ್ಷರಶೈಲಿಯಿಲ್ಲದ ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ರೋಮನ್ ಅಕ್ಷರ, ಚಿಹ್ನೆಗಳ ಗೋಜಲು. ಬರೆದದ್ದು ಅಲ್ಲೇ ಇರುತ್ತದೆ. ಅದನ್ನು ಕನ್ನಡವಾಗಿ ತೋರಿಸುವ ತುಣುಕು ಮಾತ್ರ ಜೊತೆಗೆ ಬಂದಿರುವುದಿಲ್ಲ. ಹಾಳಾಯಿತೆಂದು ಭಾವಿಸಿ ಅಳಿಸಿದರೆ ಮಾತ್ರ ಅದು ನಿಜವಾಗಿ ಹೋದಂತೆ.

ಹೊಸ ಆವೃತ್ತಿಗೆ ಹೋಗುವ ಮುನ್ನ ಇರುವ ಮಾಡ್ಯೂಲ್‌ಗಳ ಹೆಸರು ಮತ್ತು ಆವೃತ್ತಿಗಳ ಪಟ್ಟಿಯೊಂದನ್ನು ಬರೆದಿಟ್ಟುಕೊಂಡರೆ ಅರ್ಧ ಕಷ್ಟ ತಪ್ಪುತ್ತದೆ. ಕೇಂಬ್ರಿಜ್‌ನವರೂ ತಮ್ಮ ಪಟ್ಟಿಗಳ ವಿವರವನ್ನು 1951ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದ್ದರು. ಗ್ರಂಥಾಲಯವೆಂದ ಮೇಲೆ ಅಲ್ಲಿ ಏನಿದೆ, ಎಲ್ಲಿದೆ ಎಂಬ ಲೆಕ್ಕವೂ ಇರಬೇಕಷ್ಟೆ.