ಊದುಕೊಳವೆ ಮತ್ತು ಫ್ಯಾನು

ಊದುಕೊಳವೆ ಹಿಡಿದು ಒಲೆ ಹೊತ್ತಿಸಿದವರಿಗೆ ಗಾಳಿ ಬೆಂಕಿಗೆ ಏನು ಮಾಡುತ್ತದೆಂದು ಹೇಳಬೇಕಿಲ್ಲ. 1824ರಲ್ಲಿ ಎಡಿನ್‌ಬರೋ ನಗರದ ಅಗ್ನಿಶಾಮಕ ಪಡೆಯ ಮುಖ್ಯಸ್ಥರಾದ ಜೇಮ್ಸ್ ಬ್ರೇಡ್‌ವುಡ್, ನೀರು ಬರುವ ತನಕ ಬಾಗಿಲು ಮುಚ್ಚಿಡಿ ಎನ್ನುತ್ತಿದ್ದುದು ಇದಕ್ಕೇ. ಹಾಗಿದ್ದೂ 20ನೇ ಶತಮಾನದ ಕೊನೆಗೆ ಅಮೆರಿಕದ ಕೆಲವು ದಳಗಳು ಉರಿಯುವ ಮನೆಯ ಬಾಗಿಲಲ್ಲೇ ದೊಡ್ಡ ಫ್ಯಾನು ತಂದಿಟ್ಟವು!

ಹುಚ್ಚಾಟವೇನಲ್ಲ. ಒಳಗೆ ಒತ್ತಡ ಏರಿದರೆ ಹೊಗೆ, ಬಿಸಿ ಕಿಟಕಿಯಿಂದ ಹೊರಬೀಳುತ್ತವೆ. ಸಿಬ್ಬಂದಿಗೆ ದಾರಿ ಕಾಣುತ್ತದೆ. ಆದರೆ ಆ ಕಿಟಕಿ ಬೆಂಕಿಯಿರುವ ಕೋಣೆಯದ್ದೇ ಆಗಿರಬೇಕು, ಕಿರಿದಾಗಿರಬಾರದು. ತಪ್ಪಿದರೆ ಜ್ವಾಲೆ ಒಳಗಿದ್ದವರತ್ತಲೇ ತಿರುಗುತ್ತದೆ.

ನ್ಯೂಯಾರ್ಕಿನ ಗವರ್ನರ್ಸ್ ದ್ವೀಪದಲ್ಲಿ 2012ರಲ್ಲಿ ಖಾಲಿ ಮನೆಗಳಿಗೆ ಬೆಂಕಿಯಿಟ್ಟು ನೋಡಿದರು. ಫೋಮ್, ಪ್ಲಾಸ್ಟಿಕ್ ತುಂಬಿದ ಇಂದಿನ ಕೋಣೆಯಲ್ಲಿ ಬೆಂಕಿಗೆ ಸಾಲದಿರುವುದು ಗಾಳಿಯೊಂದೇ. ನೀರಿಲ್ಲದೆ ಬಾಗಿಲು ತೆರೆದರೂ ಉರಿ ಹೆಚ್ಚುತ್ತದೆ. ಈಗ ಹಲವೆಡೆ ಮೊದಲು ನೀರು, ಬೆಂಕಿ ಹತೋಟಿಗೆ ಬಂದ ಮೇಲಷ್ಟೇ ಫ್ಯಾನು.