ಮೆಟ್ಟಿಲೋ, ಕವಲುದಾರಿಯೋ?

ಮದುವೆ ಮನೆಯ ಕಾಶಿಯಾತ್ರೆಯನ್ನು ನಿಮ್ಮಲ್ಲಿ ಹಲವರು ನೋಡಿಯೇ ಇರುತ್ತೀರಿ. ವರ ಪಂಚೆ ಉಟ್ಟು, ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಕೋಲು ಹಿಡಿದು ಛತ್ರದ ಬಾಗಿಲ ಕಡೆ ಹೊರಡುತ್ತಾನೆ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹೆಣ್ಣಿನ ತಂದೆ ಅಡ್ಡ ಬಂದು, ‘ನನ್ನ ಮಗಳನ್ನು ಕೊಡುತ್ತೇನೆ, ಗೃಹಸ್ಥನಾಗು’ ಎಂದು ಕೇಳಿಕೊಳ್ಳುತ್ತಾರೆ. ಸುತ್ತ ನಿಂತವರು ನಗುತ್ತಾರೆ. ವರನ ಗೆಳೆಯರು ‘ಹೋಗೇ ಬಿಡೋ’ ಎಂದು ಕೂಗುವುದೂ ಉಂಟು. ಆ ನಗೆಯ ನಡುವೆ ನಾವು ಒಂದು ಸಂಗತಿಯನ್ನು ಮರೆಯುತ್ತೇವೆ. ವಿದ್ಯೆ ಮುಗಿಸಿದವನ ಮುಂದೆ ಒಂದಲ್ಲ, ಹಲವು ದಾರಿಗಳಿದ್ದವು ಎಂಬ ಬಹು ಹಳೆಯ ನೆನಪು ಈ ಆಟದೊಳಗೆ ಅಡಗಿದೆ.

ಶಾಲೆಯಲ್ಲಿ ನಾವು ಕಲಿತ ಪಾಠ ಬೇರೆ. ಬ್ರಹ್ಮಚರ್ಯ, ಗಾರ್ಹಸ್ಥ್ಯ, ವಾನಪ್ರಸ್ಥ, ಸಂನ್ಯಾಸ. ನೂರು ವರ್ಷದ ಆಯುಸ್ಸು, ಒಂದೊಂದು ಆಶ್ರಮಕ್ಕೆ 25 ವರ್ಷ. ಲೆಕ್ಕ ಬಹಳ ಅಚ್ಚುಕಟ್ಟಾಗಿದೆ. ಆದರೆ ಮನುಸ್ಮೃತಿಯನ್ನೇ ತೆರೆದು ನೋಡಿದರೆ ಈ ಲೆಕ್ಕ ಕೂಡಿಬರುವುದಿಲ್ಲ. ಬ್ರಾಹ್ಮಣ ವಟುವಿಗೆ ಎಂಟನೆಯ ವರ್ಷದಲ್ಲಿ ಉಪನಯನ. ಮೂರು ವೇದಗಳ ಅಧ್ಯಯನಕ್ಕೆ 36 ವರ್ಷ, ಇಲ್ಲವೇ ಅದರ ಅರ್ಧ, ಇಲ್ಲವೇ ಕಾಲುಭಾಗ ಎನ್ನುತ್ತದೆ ಅದು. ಪೂರ್ತಿ ಓದುವವನು ಮನೆಗೆ ಮರಳುವಾಗ ಅವನಿಗೆ 44 ವರ್ಷ! ಕಾಡಿಗೆ ಹೊರಡಲು ಮನು ಹೇಳುವ ಗುರುತು ಕೂಡ ವಯಸ್ಸಿನ ಅಂಕಿಯಲ್ಲ: ಚರ್ಮ ಸುಕ್ಕಾಗಿ, ಕೂದಲು ನರೆತು, ಮಗನ ಮಗನನ್ನು ಕಂಡಾಗ. ಇದು ಮೈಯನ್ನೂ ಮನೆಯನ್ನೂ ನೋಡಿ ಹೇಳಿದ ಮಾತೇ ಹೊರತು ಪಂಚಾಂಗ ನೋಡಿ ಹೇಳಿದ್ದಲ್ಲ.

ಮನುವಿಗಿಂತ ಹಿಂದಿನ ಧರ್ಮಸೂತ್ರಗಳಿಗೆ ಹೋದರೆ ಆಶ್ಚರ್ಯ ಇನ್ನೂ ಹೆಚ್ಚುತ್ತದೆ. ಕ್ರಿಸ್ತಪೂರ್ವದ ಕೊನೆಯ ಶತಮಾನಗಳಿಗೆ ಸೇರಿದವೆಂದು ಸಾಮಾನ್ಯವಾಗಿ ಹೇಳುವ ಈ ಗ್ರಂಥಗಳಲ್ಲಿ ಆಶ್ರಮಗಳು ಒಂದರ ಮೇಲೊಂದು ಇಟ್ಟ ಮೆಟ್ಟಿಲುಗಳಲ್ಲ, ಒಂದೇ ಕಡೆಯಿಂದ ಒಡೆಯುವ ಕವಲುದಾರಿಗಳು. ವೇದಾಧ್ಯಯನ ಮುಗಿಸಿದ ತರುಣ ತನಗೆ ಬೇಕಾದ ಒಂದು ಆಶ್ರಮವನ್ನು ಆರಿಸಿಕೊಂಡು, ಬಾಳೆಲ್ಲ ಅದರಲ್ಲೇ ಇರಬಹುದೆಂದು ವಸಿಷ್ಠ ಧರ್ಮಸೂತ್ರ ಒಪ್ಪುತ್ತದೆ. ಆಪಸ್ತಂಬ ನಾಲ್ಕು ಆಶ್ರಮಗಳನ್ನು ಹೆಸರಿಸುವಾಗ ಗಾರ್ಹಸ್ಥ್ಯವನ್ನೇ ಮೊದಲು ಹೇಳುತ್ತಾನೆ. ಮೆಟ್ಟಿಲಾಗಿದ್ದರೆ ಎರಡನೆಯದು ಮೊದಲು ಬರುವುದು ಹೇಗೆ? ಗೌತಮನಂತೂ, ಆಯ್ಕೆ ಉಂಟೆಂದು ಕೆಲವರು ಹೇಳುತ್ತಾರೆ ಎಂದು ತಿಳಿಸಿ, ಕೊನೆಗೆ ವೇದ ನೇರವಾಗಿ ವಿಧಿಸಿರುವುದು ಗಾರ್ಹಸ್ಥ್ಯವೊಂದನ್ನೇ, ಆದ್ದರಿಂದ ಆಶ್ರಮ ಒಂದೇ ಎಂಬ ಆಚಾರ್ಯರ ಮತವನ್ನು ಮುಂದಿಡುತ್ತಾನೆ. ಬೌಧಾಯನ ಧರ್ಮಸೂತ್ರದ ಮಾತು ಇನ್ನೂ ಖಾರ. ಈ ವಿಭಾಗಗಳನ್ನು ಮಾಡಿದವನು ಪ್ರಹ್ಲಾದನ ಮಗ ಕಪಿಲನೆಂಬ ಅಸುರನಂತೆ, ಅದೂ ದೇವತೆಗಳ ಮೇಲಿನ ಸ್ಪರ್ಧೆಯಿಂದ. ತಿಳಿದವನು ಅದನ್ನು ಲೆಕ್ಕಿಸಬಾರದಂತೆ! ಇಂದು ನಾವು ಸನಾತನವೆಂದು ಕೈಮುಗಿಯುವ ವ್ಯವಸ್ಥೆಯನ್ನು ಅಂದಿನ ಒಬ್ಬ ಶಾಸ್ತ್ರಕಾರ ಅಸುರನ ಕೆಲಸವೆಂದು ತಳ್ಳಿಹಾಕಿದ್ದ. ಪ್ಯಾಟ್ರಿಕ್ ಆಲಿವೆಲ್ ಎಂಬ ವಿದ್ವಾಂಸರು 1993ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಬೆಳವಣಿಗೆಯನ್ನು ವಿವರವಾಗಿ ತೋರಿಸಿಕೊಟ್ಟಿದ್ದಾರೆ.

ಇಷ್ಟು ಕೋಪ ಏಕೆ? ಮನುಷ್ಯ ಹುಟ್ಟುವಾಗಲೇ ಸಾಲಗಾರ ಎಂಬುದು ವೈದಿಕ ನಂಬಿಕೆ. ಋಷಿಗಳ ಸಾಲ ಅಧ್ಯಯನದಿಂದ, ದೇವತೆಗಳ ಸಾಲ ಯಜ್ಞದಿಂದ, ಪಿತೃಗಳ ಸಾಲ ಸಂತಾನದಿಂದ ತೀರಬೇಕೆಂದು ತೈತ್ತಿರೀಯ ಸಂಹಿತೆ ಹೇಳುತ್ತದೆ. ಹದಿಹರೆಯದಲ್ಲೇ ತಲೆ ಬೋಳಿಸಿಕೊಂಡು ಹೊರಟವನು ಈ ಸಾಲಗಳಲ್ಲಿ ಎರಡನ್ನು ತೀರಿಸುವುದೇ ಇಲ್ಲ. ಬೌದ್ಧ, ಜೈನ ಸಂಘಗಳು ತರುಣರನ್ನು ಸೆಳೆಯುತ್ತಿದ್ದ ಕಾಲವದು. ರಾಹುಲನೂ ಪ್ರವ್ರಜ್ಯೆ ಪಡೆದಾಗ ಶುದ್ಧೋದನ ಮಗನ ಬಳಿ ಬಂದು ತನ್ನ ದುಃಖ ಹೇಳಿಕೊಂಡನೆಂದೂ, ಅಂದಿನಿಂದ ತಂದೆ ತಾಯಿಯರ ಒಪ್ಪಿಗೆಯಿಲ್ಲದೆ ಮಕ್ಕಳಿಗೆ ದೀಕ್ಷೆ ಕೊಡಬಾರದೆಂದು ಬುದ್ಧ ನಿಯಮ ಮಾಡಿದನೆಂದೂ ವಿನಯಪಿಟಕದಲ್ಲಿದೆ. ಮನೆ ಬಿಡುವವನಿಗೆ ಬಿಡುಗಡೆ, ಮನೆಯಲ್ಲಿ ಉಳಿದವರಿಗೆ?

ಈ ಪ್ರಶ್ನೆಯನ್ನು ನೇರವಾಗಿ ಕೇಳಿದವನು ಕೌಟಿಲ್ಯ. ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದ ತಾಳೆಗರಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಬೆಳಕಿಗೆ ತಂದ ಅರ್ಥಶಾಸ್ತ್ರದಲ್ಲಿ ಹೆಂಡತಿ ಮಕ್ಕಳ ಜೀವನಕ್ಕೆ ಏರ್ಪಾಡು ಮಾಡದೆ ಸಂನ್ಯಾಸಿಯಾಗುವವನಿಗೆ ದಂಡವಿದೆ. ದಾಂಪತ್ಯದ ವಯಸ್ಸು ಮೀರಿದವನು ಕೂಡ ಧರ್ಮಸ್ಥರನ್ನು, ಎಂದರೆ ನ್ಯಾಯಾಧಿಕಾರಿಗಳನ್ನು ಕೇಳಿಯೇ ಹೊರಡಬೇಕು. ಮೋಕ್ಷಕ್ಕೂ ಸರ್ಕಾರದ ಪರವಾನಗಿ ಎಂದು ನಿಮಗೆ ನಗು ಬರಬಹುದು. ಆದರೆ ಒಲೆಯ ಮುಂದೆ ಕೂತು ಬಾಗಿಲು ಕಾಯುವ ಹೆಂಗಸಿಗೆ ಅದು ನಗುವ ವಿಷಯವಾಗಿರಲಿಲ್ಲ.

ಬೃಹದಾರಣ್ಯಕದ ಯಾಜ್ಞವಲ್ಕ್ಯ ಹೊರಡುವ ಮೊದಲು ಇಬ್ಬರು ಹೆಂಡಿರಿಗೂ ಆಸ್ತಿ ಹಂಚಲು ಕೂರುತ್ತಾನೆ. ಇದರಿಂದ ನನಗೆ ಅಮೃತತ್ವ ಸಿಕ್ಕೀತೇ ಎಂದು ಮೈತ್ರೇಯಿ ಕೇಳುತ್ತಾಳೆ. ಆ ಪ್ರಶ್ನೆಯನ್ನು ನಾವು ಕೊಂಡಾಡುತ್ತೇವೆ. ಕಾತ್ಯಾಯನಿ ಏನೆಂದಳೆಂದು ಉಪನಿಷತ್ತು ಹೇಳಿಲ್ಲ. ಉಳಿದ ಮನೆಯನ್ನು ನೋಡಿಕೊಂಡವಳು ಅವಳೇ ಇರಬೇಕೆಂದು ನನಗೆ ಅನ್ನಿಸುತ್ತದೆ.

ಮನು ಮಾಡಿದ್ದು ಒಂದು ರಾಜಿ. ಸಂನ್ಯಾಸವನ್ನು ಅವನು ತಳ್ಳಿಹಾಕಲಿಲ್ಲ, ಬಾಳಿನ ಕೊನೆಗೆ ದೂಡಿದ. ಮೂರು ಸಾಲ ತೀರಿಸಿ ಮೋಕ್ಷದ ಕಡೆ ಮನಸ್ಸಿಡು, ತೀರಿಸದೆ ಹೊರಟರೆ ಅಧೋಗತಿ ಎಂದ. ಕವಲುದಾರಿ ಮೆಟ್ಟಿಲಾದದ್ದು ಹೀಗೆ. ಆದರೂ ಹಳೆಯ ಮತ ಸಾಯಲಿಲ್ಲ. ವೈರಾಗ್ಯ ಬಂದ ದಿನವೇ, ಯಾವ ಆಶ್ರಮದಿಂದಲಾದರೂ ಹೊರಡಬಹುದೆಂದು ಜಾಬಾಲೋಪನಿಷತ್ತು ಬಾಗಿಲು ತೆರೆದೇ ಇಟ್ಟಿತು. ಇನ್ನು ವಾನಪ್ರಸ್ಥದ ಗತಿ ನೋಡಿ: ಕಲಿಯುಗದಲ್ಲಿ ಮಾಡಬಾರದ ಕಲಿವರ್ಜ್ಯಗಳ ಪಟ್ಟಿಗೆ ಅದು ಸೇರಿಹೋಯಿತು. ನಾಲ್ಕು ಮೆಟ್ಟಿಲುಗಳಲ್ಲಿ ಮೂರನೆಯದು ಪುಸ್ತಕದಲ್ಲಷ್ಟೇ ಉಳಿಯಿತು.

ಈ ಚರ್ಚೆಯೆಲ್ಲ ದ್ವಿಜ ಗಂಡಸರದು ಎಂಬುದನ್ನೂ ಇಲ್ಲಿ ಹೇಳಬೇಕು. ಹೆಣ್ಣಿಗೆ ಮದುವೆಯೇ ಉಪನಯನ, ಗಂಡನ ಸೇವೆಯೇ ಗುರುಕುಲವಾಸ ಎಂದುಬಿಟ್ಟ ಮನು. ಗಂಡ ಕಾಡಿಗೆ ಹೊರಟರೆ ಅವಳನ್ನು ಮಕ್ಕಳಿಗೆ ಒಪ್ಪಿಸಬೇಕು, ಇಲ್ಲವೇ ಜೊತೆಗೆ ಕರೆದೊಯ್ಯಬೇಕು. ಶೂದ್ರರಿಗೆ ಉಪನಯನವೇ ಇಲ್ಲದ ಮೇಲೆ ಮೊದಲ ಮೆಟ್ಟಿಲೇ ಇಲ್ಲ.

ಇಷ್ಟೆಲ್ಲ ದೂರದ ಮಾತಾಯಿತೆಂದು ಭಾವಿಸಬೇಡಿ. ಈ ವಾದದ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಬಸವಕಲ್ಯಾಣದಲ್ಲಿ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ಕ್ರಮವಾಗಿ ನಾಲ್ಕನ್ನೂ ನಡೆಸಬೇಕೆಂಬ ಸಮುಚ್ಚಯ, ಬೇಕಾದುದನ್ನು ಆರಿಸಬಹುದೆಂಬ ವಿಕಲ್ಪ, ಗಾರ್ಹಸ್ಥ್ಯ ಉಳಿದವನ್ನು ತೊಡೆದುಹಾಕುತ್ತದೆಂಬ ಬಾಧ, ಈ ಮೂರೂ ಪಕ್ಷಗಳನ್ನು ಎದುರಿಟ್ಟುಕೊಂಡು, ಮೂರಕ್ಕೂ ಶ್ರುತಿಯ ಆಧಾರವಿದೆ, ಯಾವುದನ್ನಾದರೂ ಹಿಡಿಯಬಹುದು ಎಂದ. ಆಸ್ತಿಯ ಹಂಚಿಕೆಯಲ್ಲಿ ಕಾಸಿನಷ್ಟೂ ಸಡಿಲ ಬಿಡದ ಈ ಪಂಡಿತ, ಬಾಳಿನ ದಾರಿಯ ವಿಷಯದಲ್ಲಿ ಇಷ್ಟು ಉದಾರಿಯಾದದ್ದು ನನಗೆ ಮೆಚ್ಚುಗೆಯ ಸಂಗತಿ.

ಅದೇ ಕಲ್ಯಾಣಕ್ಕೆ ಕೆಲವು ದಶಕಗಳಲ್ಲೇ ಬಸವಣ್ಣನವರು ಬಂದರು. ಉಪನಯನವನ್ನೇ ಬೇಡವೆಂದು ಬಾಗೇವಾಡಿಯ ಮನೆ ಬಿಟ್ಟವರು ಅವರೆಂದು ಸಂಪ್ರದಾಯ ಹೇಳುತ್ತದೆ. ಪಂಡಿತ ಮೂರು ದಾರಿಗಳನ್ನು ಒಪ್ಪಿದ ಊರಿನಲ್ಲಿ ಶರಣರು ಆ ದಾರಿಗಳ ಹೆಬ್ಬಾಗಿಲನ್ನೇ ಒಲ್ಲೆನೆಂದರು. ಸಂಸಾರ ಬಿಡದೆ, ಕಾಯಕ ಬಿಡದೆ, ಹೆಣ್ಣು ಗಂಡೆನ್ನದೆ ಲಿಂಗವನ್ನು ಅಂಗೈಗೆ ತಂದುಕೊಂಡರು.

ವಿಕಲ್ಪ ಪಕ್ಷ ಇಂದಿಗೂ ಜೀವಂತವಾಗಿದೆ. ಉಡುಪಿಯ ಅಷ್ಟಮಠಗಳ, ಶೃಂಗೇರಿಯ ಪೀಠದ ಯತಿಗಳು ಬ್ರಹ್ಮಚರ್ಯದಿಂದ ನೇರವಾಗಿ ಸಂನ್ಯಾಸಕ್ಕೆ ಬಂದವರು. ಅವರು ಗಾರ್ಹಸ್ಥ್ಯದ ಮೆಟ್ಟಿಲನ್ನು ತುಳಿದವರಲ್ಲ. ಇನ್ನು ಮನೆ ಬಿಟ್ಟವರ ಹಿಂದೆ ಉಳಿದವರ ಮಾತು. 1955ರ ಹಿಂದೂ ವಿವಾಹ ಕಾಯಿದೆಯ 13ನೆಯ ಕಲಂ ತೆರೆದು ನೋಡಿ. ಗಂಡನಾಗಲಿ ಹೆಂಡತಿಯಾಗಲಿ ಲೋಕವನ್ನು ತ್ಯಜಿಸಿ ಯಾವುದೇ ಧಾರ್ಮಿಕ ಪಂಥಕ್ಕೆ ಸೇರಿದರೆ, ಉಳಿದವರು ವಿಚ್ಛೇದನ ಕೇಳಬಹುದು. ಕಾತ್ಯಾಯನಿಗೆ ಇಲ್ಲದಿದ್ದ ಮಾತು ಆ ಕಲಮಿನಲ್ಲಿದೆ.